ಅವಶೇಷದೊಳಗೆ ಹೋಗುವ ರೋಬೋಟ್‌ಗೆ ವೈಫೈ ಸಾಕೇ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ ಓದುತ್ತಿದ್ದೇನೆ. ಕುಸಿದ ಕಟ್ಟಡದಡಿ ಸಿಲುಕಿದವರನ್ನು ಹುಡುಕುವ ರೋಬೋಟ್ ನಮ್ಮ ಪ್ರಾಜೆಕ್ಟ್. ನಾಲ್ಕು ಚಕ್ರ, ವೈಫೈ ಕ್ಯಾಮೆರಾ, ಮೈಬಿಸಿ ತೋರಿಸುವ ಥರ್ಮಲ್ ಕ್ಯಾಮೆರಾ ಇವೆ. ಲ್ಯಾಬ್‌ನಲ್ಲಿ ಚೆನ್ನಾಗಿ ಓಡುತ್ತದೆ. ಇನ್ನೇನು ಸೇರಿಸಬೇಕು?

ಉತ್ತರ: ಸೇರಿಸೋದು ಆಮೇಲಿರಲಿ. ಮೊದಲು ವೈಫೈ ಬಿಟ್ಟು ವೈರ್ ಕಟ್ಟಿ.

ಕಾಂಕ್ರೀಟ್, ಕಬ್ಬಿಣದ ಸರಳಿನ ರಾಶಿಯೊಳಗೆ ಸಿಗ್ನಲ್ ಜಾಸ್ತಿ ದೂರ ಹೋಗುವುದಿಲ್ಲ. 2001ರಲ್ಲಿ ನ್ಯೂಯಾರ್ಕ್‌ನ ವರ್ಲ್ಡ್ ಟ್ರೇಡ್ ಸೆಂಟರ್ ಕುಸಿದಾಗ ರೋಬೋಟ್ ತಜ್ಞೆ ರಾಬಿನ್ ಮರ್ಫಿ ಮತ್ತು ಜೊತೆಗಾರರು ರೋಬೋಟ್ ಇಳಿಸಿದ್ದರು. ಹೆಚ್ಚು ಬಳಕೆಗೆ ಬಂದದ್ದು ಶೂ ಡಬ್ಬಿಯಷ್ಟು ಪುಟ್ಟ, ವೈರ್ ಇದ್ದ ರೋಬೋಟ್‌ಗಳೇ. ವೈರ್‌ಲೆಸ್ ಒಂದು ಸಿಗ್ನಲ್ ತಪ್ಪಿ ಒಳಗೇ ಉಳಿಯಿತು. ವೈರ್ ಇದ್ದರೆ ಕರೆಂಟ್, ವಿಡಿಯೊ ಎರಡೂ ಬರುತ್ತವೆ, ಗುಂಡಿಗೆ ಬಿದ್ದರೆ ಎಳೆದೂ ತೆಗೆಯಬಹುದು. ಸರಳಿಗೆ ತೊಡರಿಕೊಳ್ಳುತ್ತದೆ, ನಿಜ. ಅದಕ್ಕೇ ವೈರ್ ಬಿಡಲು, ಎಳೆಯಲು ಹೊರಗೊಬ್ಬರು ಬೇಕು.

ಥರ್ಮಲ್ ಕ್ಯಾಮೆರಾವನ್ನು ಪೂರ್ತಿ ನಂಬಬೇಡಿ. ನಮ್ಮ ಏಪ್ರಿಲ್ ಬಿಸಿಲಿಗೆ ಕಾದ ಸ್ಲ್ಯಾಬ್ ಮನುಷ್ಯನ ಮೈಗಿಂತ ಬಿಸಿ, ಅಲ್ವಾ? ಮೈಕ್, ಪುಟ್ಟ ಸ್ಪೀಕರ್ ಇಡಿ. ಒಳಗಿರುವವರು ಓಗೊಟ್ಟರೆ ಅದಕ್ಕಿಂತ ಒಳ್ಳೆಯ ಸುಳಿವಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದು 19 ಜನ ಸತ್ತರು. ಆದರೆ ನಾಲ್ಕನೇ ದಿನವೂ ಜೀವಂತ ಸಿಕ್ಕವರಿದ್ದರು. ಅಷ್ಟು ಹೊತ್ತು ಬದುಕಲು ಸ್ಲ್ಯಾಬ್‌ಗಳ ನಡುವೆ ಉಳಿಯುವ ಸಂದು ಬೇಕು. ನಿಮ್ಮ ರೋಬೋಟ್ ನುಗ್ಗಬೇಕಾದದ್ದೂ ಅಲ್ಲಿಗೇ.

ಗದಗ, ಹಾವೇರಿ ಕಡೆ ಮಳೆಗೆ ಬೀಳುವ ಮಣ್ಣಿನ ಜಂತಿ ಮನೆಗಳ ಮಾತು ಬೇರೆ. ಮಣ್ಣು ಕುಸಿದು ಸಂದನ್ನೆಲ್ಲ ಮುಚ್ಚಿಬಿಡುತ್ತದೆ. ಅಲ್ಲಿ ರೋಬೋಟ್ ಇಳಿಸುತ್ತ ಕೂತರೆ ಸುಮ್ನೆ ಹೊತ್ತು ಹೋಗುತ್ತದೆ. ಓಣಿಯವರ ಸಲಿಕೆ, ಬುಟ್ಟಿಗಳೇ ಬೇಗ.

ಇನ್ನು ಪರೀಕ್ಷೆ. ಲ್ಯಾಬ್‌ನ ನುಣುಪು ನೆಲದಲ್ಲಿ ಎಲ್ಲವೂ ಓಡುತ್ತದೆ ಬಿಡಿ. ಮರದ ತುಂಡುಗಳನ್ನು ಏರುತಗ್ಗಾಗಿ ಜೋಡಿಸಿ ಓಡಿಸಿ. ಮಳೆ ಬಿದ್ದ ಎರೆಹೊಲದಲ್ಲಿ ಹತ್ತು ಹೆಜ್ಜೆ ಹೋಗಲಿ ನೋಡೋಣ, ಚಕ್ರಕ್ಕೆ ಮಣ್ಣು ಮೆತ್ತಿಕೊಂಡು ನಿಂತೀತು. ಮಗುಚಿ ಬಿದ್ದರೂ ನಡೆಯುವಂತಿರಲಿ. ಓಡಿಸುವವರನ್ನು ಗೋಡೆಯಾಚೆ ಕೂರಿಸಿ, ಸ್ಕ್ರೀನ್ ಮಾತ್ರ ನೋಡಿ ಓಡಿಸಲಿ. ಪಕ್ಕದಲ್ಲಿ ಇನ್ನೊಬ್ಬರು ಚಿತ್ರ ನೋಡುವುದಕ್ಕೇ ಇರಲಿ. ಒಬ್ಬರೇ ಎರಡೂ ಮಾಡಿದರೆ ಧೂಳು ಹಿಡಿದ ಕೈಯೂ ಕಲ್ಲಿನಂತೆ ಕಂಡು ದಾಟಿಹೋಗುತ್ತದೆ.