ಅಕ್ಕನಿಗೆ ಸಿಕ್ಕ ಸೀಟು ತಮ್ಮನಿಗೆ ಯಾಕಿಲ್ಲ?

ದಾವಣಗೆರೆಯಲ್ಲಿ ಹೊಲಿಗೆ ಕೆಲಸ ಮಾಡುವ ಓದುಗರೊಬ್ಬರ ಪತ್ರ: "2018ರಲ್ಲಿ ಮಗಳಿಗೆ ಆರ್‌ಟಿಇ ಲಾಟರಿಯಲ್ಲಿ ಖಾಸಗಿ ಶಾಲೆ ಸಿಕ್ಕಿತು. ಈಗ ಎಂಟನೇ ಕ್ಲಾಸು. ಮಗನನ್ನೂ ಅಲ್ಲೇ ಸೇರಿಸೋಣ ಅಂದರೆ, ನಿಮ್ಮ ವಾರ್ಡಿನಲ್ಲಿ ಸರ್ಕಾರಿ ಶಾಲೆ ಇದೆ, ಅರ್ಜಿ ಹಾಕೋಕೆ ಬರಲ್ಲ ಅಂತಾರೆ. ದುಡ್ಡಿದ್ದವರು ಬೇಕಾದ ಶಾಲೆಗೆ ಸೇರಿಸ್ತಾರೆ. ನಮಗೆ ಮಾತ್ರ ಸರ್ಕಾರವೇ ಶಾಲೆ ಗೊತ್ತು ಮಾಡಬೇಕಾ?"

ನಮಸ್ಕಾರ ತಾಯಿ. ನೀವು ಕೇಳಿದ್ದು ನ್ಯಾಯವಾಗಿದೆ.

ಖಾಸಗಿ ಶಾಲೆಯ ಒಂದನೇ ತರಗತಿಯಲ್ಲಿ ಶೇ. 25 ಸೀಟು ನೆರೆಹೊರೆಯ ಬಡ ಮಕ್ಕಳಿಗೆ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ, ಅಂದರೆ ಆರ್‌ಟಿಇ, ಹೇಳುತ್ತದೆ. ಅವರ ಫೀಸನ್ನು ಸರ್ಕಾರ ತುಂಬಿಕೊಡಬೇಕು. 2019ರಲ್ಲಿ ನಮ್ಮ ರಾಜ್ಯ ತನ್ನ ನಿಯಮ ಬದಲಿಸಿತು. ನೆರೆಹೊರೆಯಲ್ಲಿ, ಅಂದರೆ ಹಳ್ಳಿಯಾದರೆ ಆ ಗ್ರಾಮದಲ್ಲಿ, ಪೇಟೆಯಾದರೆ ಆ ವಾರ್ಡಿನಲ್ಲಿ, ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಸೀಟು ಇಲ್ಲ. ಲಕ್ಷ ದಾಟಿದ್ದ ಸೀಟು ಇಪ್ಪತ್ತು ಸಾವಿರದೊಳಗೆ ಇಳಿಯಿತು. ನಮ್ಮ ಹೈಕೋರ್ಟ್ ಇದನ್ನು ಅದೇ ವರ್ಷ ಎತ್ತಿಹಿಡಿಯಿತು. ಮಹಾರಾಷ್ಟ್ರ 2024ರಲ್ಲಿ ಹೆಚ್ಚುಕಮ್ಮಿ ಇಂಥದ್ದೇ ನಿಯಮ ತಂದಾಗ ಬಾಂಬೆ ಹೈಕೋರ್ಟ್ ರದ್ದು ಮಾಡಿತು. ಕಾಯ್ದೆ ಒಂದೇ. ಬೆಳಗಾವಿಯ ಮಗುವಿಗೆ ಮುಚ್ಚಿದ ಬಾಗಿಲು ಕೊಲ್ಹಾಪುರದ ಮಗುವಿಗೆ ತೆರೆದಿದೆ.

ಸರ್ಕಾರ ಕೊಟ್ಟ ಕಾರಣ ಸುಳ್ಳಲ್ಲ. ಖಾಸಗಿಯವರಿಗೆ ದುಡ್ಡು ಕಟ್ಟುತ್ತಾ ತನ್ನದೇ ಶಾಲೆ ಖಾಲಿ ಮಾಡಿಕೊಳ್ಳುವುದು ಯಾರಿಗೂ ಒಳ್ಳೆಯದಲ್ಲ. ಆದರೆ ಬಾಗಿಲು ಮುಚ್ಚುವ ಮೊದಲು ಆ ಶಾಲೆಗಳಿಗೆ ಸಾಕಷ್ಟು ಮೇಷ್ಟ್ರನ್ನು ಕೊಡಬೇಕಿತ್ತು. ಅಲ್ಲೇ ತಪ್ಪಾಗಿದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹೋದ ವರ್ಷ ಒಂದು ಸರ್ಕಾರಿ ಶಾಲೆಗೆ ಹೋಗಿದ್ದೆ. ಚಟುವಟಿಕೆಯ ಮೂಲಕ ಕಲಿಸುವ ನಲಿ ಕಲಿ ಕೋಣೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತಿದ್ದರು. ಗೋಡೆಯ ಬುಡದಲ್ಲಿ, ಪುಟ್ಟ ಕೈಗೆ ಎಟುಕುವಂತೆ, ಉದ್ದಕ್ಕೂ ಕಪ್ಪು ಬಳಿದಿತ್ತು. ಒಬ್ಬಳು ತನ್ನ ಪಾಲಿನ ಚೌಕದಲ್ಲಿ 'ಬಸವ' ಅಂತ ಬರೆದು, ಟೀಚರ್ ಸೆರಗು ಹಿಡಿದು ಎಳೆದು ತಂದು ತೋರಿಸಿದಳು. ಟೀಚರ್ ಅವಳ ತಲೆ ಸವರಿ ಪಕ್ಕದ ಕೋಣೆಗೆ ಓಡಿದರು. ಅಲ್ಲಿ ನಾಲ್ಕು, ಐದನೇ ತರಗತಿಯ ಮಕ್ಕಳಷ್ಟೇ ಇದ್ದರು. ಮೇಷ್ಟ್ರು ತರಬೇತಿಗೆ ಹೋಗಿದ್ದರು. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿದ್ದರೆ ಸಾಕು ಅನ್ನುತ್ತದೆ ಅದೇ ಕಾಯ್ದೆ. ಐದು ತರಗತಿಗೆ ಇಬ್ಬರು! ಅಷ್ಟು ಒಳ್ಳೆಯ ಟೀಚರ್ ಇದ್ದೂ ಆ ಶಾಲೆಯನ್ನು ತಂದೆತಾಯಿ ಬಿಟ್ಟುಹೋದರೆ ಅವರನ್ನು ಹೇಗೆ ಬೈಯಲಿ?

ನಿಮ್ಮ ವಾರ್ಡಿನ ಶಾಲೆಯನ್ನು ಸುಮ್ನೆ ಬೇಡ ಅನ್ನಬೇಡಿ. ಒಂದು ಬೆಳಗ್ಗೆ ಹೋಗಿ ನೋಡಿ. ಎಷ್ಟು ಜನ ಶಿಕ್ಷಕರಿದ್ದಾರೆ, ಇಂಗ್ಲಿಷ್ ಮಾಧ್ಯಮದ ವಿಭಾಗ ಇದೆಯಾ ಅಂತ ಕೇಳಿ. 2019ರಿಂದ ಅನೇಕ ಸರ್ಕಾರಿ ಶಾಲೆಗಳಲ್ಲಿ ಅದು ಶುರುವಾಗಿದೆ. ಸೇರಿಸಿದರೆ ಎಸ್‌ಡಿಎಂಸಿಗೆ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಸದಸ್ಯೆಯಾಗಲು ನಿಲ್ಲಿ. ಅಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರು. ಮೇಷ್ಟ್ರು ಸಾಲದು ಅಂತ ಸಮಿತಿಯಿಂದ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಬರೆದ ಕಾಗದಕ್ಕೆ ಒಬ್ಬರೇ ಹೋಗಿ ಕೇಳಿದ್ದಕ್ಕಿಂತ ಜಾಸ್ತಿ ತೂಕ.

ಮಗಳ ವಿಷಯವನ್ನೂ ಮರೆಯಬೇಡಿ. ಆರ್‌ಟಿಇಯ ಉಚಿತ ಸೀಟು ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತಕ್ಕೆ ಫೀಸು ಎಷ್ಟು, ಕಂತಿನಲ್ಲಿ ಕಟ್ಟಬಹುದಾ ಅಂತ ಈಗಲೇ ವಿಚಾರಿಸಿ, ಬರೆಸಿಕೊಳ್ಳಿ.

– ಸಂಪಾದಕ