ಓದುಗರ ಪ್ರಶ್ನೆ: ಬೀಗ ಹಾಕಿದ ಟ್ರ್ಯಾಕೇ ಹಿಂದೆ ಬಿತ್ತು

ಪ್ರಶ್ನೆ: ಪ್ರೀಮಿಯರ್ ಪ್ರೊ ಎಂಬ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಮದುವೆಯ ವಿಡಿಯೊ ಎಡಿಟ್ ಮಾಡುತ್ತಿದ್ದೇನೆ. ಟ್ರ್ಯಾಕುಗಳಲ್ಲಿ, ಅಂದರೆ ಕ್ಲಿಪ್ ಜೋಡಿಸುವ ಸಾಲುಗಳಲ್ಲಿ, ವಿ ಎಂದರೆ ವಿಡಿಯೊ, ಎ ಎಂದರೆ ಆಡಿಯೊ: ವಿ1ರಲ್ಲಿ ಕ್ಯಾಮೆರಾ ದೃಶ್ಯ, ಎ1ರಲ್ಲಿ ಅದರ ಧ್ವನಿ, ವಿ2ರಲ್ಲಿ ತೆರೆಯ ಮೇಲೆ ಬರುವ ಹೆಸರುಗಳು, ಎ2ರಲ್ಲಿ ಓಲಗ. ಹೆಸರು, ಓಲಗ ಅಲ್ಲಾಡಬಾರದೆಂದು ಎರಡಕ್ಕೂ ಲಾಕ್ ಹಾಕಿ, ಧಾರೆಯ ದೃಶ್ಯದಲ್ಲಿ 5 ಸೆಕೆಂಡು ರಿಪಲ್ ಡಿಲೀಟ್ (ಅಳಿಸಿ, ಉಳಿದ ಖಾಲಿ ಜಾಗವನ್ನೂ ಮುಚ್ಚುವುದು) ಮಾಡಿದೆ. ಮುಂದಿನ ಹೆಸರುಗಳೆಲ್ಲ 5 ಸೆಕೆಂಡು ತಡವಾಗಿ ಬರುತ್ತಿವೆ. ಲಾಕ್ ಹಾಕಿಯೂ ಹೀಗೇಕೆ?
— ಓದುಗರು, ಶಿರಸಿ

ಉತ್ತರ: ಲಾಕ್ ಹಾಕಿದ್ದರಿಂದಲೇ ಹೀಗಾಯಿತು. ವಿ1ರಲ್ಲಿ ಮುಂದಿನ ದೃಶ್ಯಗಳು 5 ಸೆಕೆಂಡು ಎಡಕ್ಕೆ ಸರಿದವು, ವಿ2 ಮಾತ್ರ ನಿಂತಲ್ಲೇ ನಿಂತಿತು. ನಿಮಗೆ ಬೇಕಿದ್ದದ್ದು ಸಿಂಕ್ ಲಾಕ್. ಟ್ರ್ಯಾಕಿನ ಎಡತುದಿಯಲ್ಲಿ, ಕಣ್ಣಿನ ಗುರುತಿನ ಪಕ್ಕದಲ್ಲೇ ಅದರ ಗುಂಡಿ ಇದೆ. ಹೆಸರಲ್ಲಿ ಲಾಕ್ ಇದ್ದರೂ ಕೆಲಸ ತದ್ವಿರುದ್ಧ: ಬೇರೊಂದು ಟ್ರ್ಯಾಕ್ ಸರಿದಾಗ ಅದು ಆನ್ ಇರುವ ಟ್ರ್ಯಾಕನ್ನೂ ಜೊತೆಗೆ ಸರಿಸುತ್ತದೆ. ಬೀಗದ ಗುರುತಿನ ಲಾಕ್ ಹಾಕಿದರೆ ಟ್ರ್ಯಾಕಿನ ಮೇಲೆ ಓರೆ ಗೆರೆಗಳು ಮೂಡುತ್ತವೆ, ಆಮೇಲೆ ಅದನ್ನು ಏನೂ ಮುಟ್ಟದು.

ಅನ್‌ಡೂ ಮಾಡಿ ಮೊದಲಿನ ಸ್ಥಿತಿಗೆ ಬನ್ನಿ. ವಿ2ರ ಬೀಗ ತೆಗೆದು, ಅದರ ಸಿಂಕ್ ಲಾಕ್ ಆನ್ ಇದೆಯೇ ನೋಡಿ. ತೆಗೆಯಬೇಕಾದ 5 ಸೆಕೆಂಡಿನ ಮೇಲೆಯೇ ಒಂದು ಹೆಸರು ಕೂತಿದ್ದರೆ ಮೊದಲು ಅದನ್ನು ಪಕ್ಕಕ್ಕೆ ಸರಿಸಿ. ಆಮೇಲೆ ಶಿಫ್ಟ್ ಹಿಡಿದು ಡಿಲೀಟ್.

ಓಲಗದ ಬೀಗ ಇರಲಿ, ಅದು ಸರಿಯಾಗಿಯೇ ಇದೆ. ಉದ್ದಕ್ಕೆ ಹರಿಯುವ ಸಂಗೀತಕ್ಕೆ ಬೀಗವೂ ಇಲ್ಲದೆ ಸಿಂಕ್ ಲಾಕ್ ಆನ್ ಇದ್ದರೆ ಎರಡು ತೊಂದರೆ. ನಡುವೆ ಹೊಸ ಶಾಟ್ ಇನ್ಸರ್ಟ್ ಮಾಡಿದಾಗ ಓಲಗವೂ ಅಲ್ಲೇ ತುಂಡಾಗಿ, ಶಾಟಿನಷ್ಟು ಉದ್ದ ಸದ್ದಿಲ್ಲದ ಜಾಗ ಬೀಳುತ್ತದೆ. ವಿ1ರಲ್ಲಿ ಕ್ಲಿಪ್‌ಗಳ ನಡುವಿನ ಖಾಲಿ ಜಾಗ ಆರಿಸಿ ರಿಪಲ್ ಡಿಲೀಟ್ ಒತ್ತಿದರೆ ಏನೂ ಆಗುವುದೇ ಇಲ್ಲ, ಏಕೆಂದರೆ ಆ ಜಾಗದ ಕೆಳಗೆ ಓಲಗದ ಕ್ಲಿಪ್ ಅಡ್ಡ ಬಿದ್ದಿರುತ್ತದೆ. ಸಾಫ್ಟ್‌ವೇರ್ ಹ್ಯಾಂಗ್ ಆಯಿತೆಂದು ಕಂಪ್ಯೂಟರನ್ನೇ ಆಫ್ ಮಾಡಿ ಆನ್ ಮಾಡುವವರು ಮೊದಲು ಇದನ್ನು ನೋಡಬೇಕು. ಬೀಗವಿದ್ದರೆ ಕೊನೆಯಲ್ಲಿ ಓಲಗ 5 ಸೆಕೆಂಡು ಹೆಚ್ಚು ಉಳಿಯುತ್ತದೆ. ಅಷ್ಟನ್ನು ಕತ್ತರಿಸಿ, ಸದ್ದು ಮೆಲ್ಲಗೆ ಇಳಿಯುವಂತೆ ಫೇಡ್ ಕೊಟ್ಟರೆ ಆಯಿತು.

ವಿ1ಕ್ಕೆ ಬೀಗ ಹಾಕುವುದಾದರೆ ಎ1ಕ್ಕೂ ಹಾಕಿ. ಒಂದಕ್ಕೆ ಹಾಕಿ ಇನ್ನೊಂದನ್ನು ಬಿಟ್ಟರೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಆಗ ಕ್ಲಿಪ್ಪಿನ ಮೂಲೆಯಲ್ಲಿ ಎಷ್ಟು ತಪ್ಪಿದೆ ಎಂಬ ಅಂಕಿ ಕೆಂಪಾಗಿ ಕಾಣುತ್ತದೆ. ಬೀಗ ತೆಗೆದು, ಆ ಅಂಕಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಮೂವ್ ಇಂಟು ಸಿಂಕ್’ ಕೊಟ್ಟರೆ ಕ್ಲಿಪ್ಪೇ ಸರಿದು ಕೂಡಿಕೊಳ್ಳುತ್ತದೆ. ‘ಸ್ಲಿಪ್ ಇಂಟು ಸಿಂಕ್’ ಕೊಟ್ಟರೆ ಕ್ಲಿಪ್ ಇದ್ದಲ್ಲೇ ಇದ್ದು ಒಳಗಿನ ಭಾಗ ಮಾತ್ರ ಜಾರುತ್ತದೆ. ಅಕ್ಕಪಕ್ಕ ಬೇರೆ ಕ್ಲಿಪ್‌ಗಳಿದ್ದರೆ ಎರಡನೆಯದೇ ವಾಸಿ, ಮೊದಲನೆಯದು ಪಕ್ಕದ ಕ್ಲಿಪ್ಪಿನ ಮೇಲೆ ಹತ್ತಿ ಕೂರಬಹುದು.

ಪ್ರಶ್ನೆ: ಬೀಗ ಹಾಕಿದ ಟ್ರ್ಯಾಕ್, ಎಕ್ಸ್‌ಪೋರ್ಟ್ ಮಾಡಿದಾಗ (ಕೊನೆಯ ವಿಡಿಯೊ ಫೈಲ್ ತೆಗೆದಾಗ) ಬರುತ್ತದೆಯೇ? ಹತ್ತು ಟ್ರ್ಯಾಕಿಗೆ ಒಮ್ಮೆಗೇ ಬೀಗ ಹಾಕುವುದು ಹೇಗೆ?
— ಓದುಗರು, ಹಾಸನ

ಉತ್ತರ: ಬರುತ್ತದೆ. ಬರದಂತೆ ಮಾಡುವುದು ಕಣ್ಣಿನ ಗುರುತು, ಆಡಿಯೊದಲ್ಲಾದರೆ ಮ್ಯೂಟ್‌ನ ಎಂ ಗುಂಡಿ. ಎಕ್ಸ್‌ಪೋರ್ಟ್‌ಗೆ ಮುಂಚೆ ಈ ಎರಡನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿಕೊಳ್ಳಿ. ಶಿಫ್ಟ್ ಹಿಡಿದು ಯಾವುದಾದರೂ ವಿಡಿಯೊ ಟ್ರ್ಯಾಕಿನ ಬೀಗ ಒತ್ತಿದರೆ ವಿಡಿಯೊ ಟ್ರ್ಯಾಕುಗಳೆಲ್ಲಕ್ಕೂ ಬೀಗ ಬೀಳುತ್ತದೆ. ಆಡಿಯೊಗೆ ಬೇರೆಯಾಗಿ ಒತ್ತಬೇಕು.