ಕೊಬ್ಬು ಕರಗಿಸುವ ಇಂಜೆಕ್ಷನ್ ನಂಬಬಹುದಾ?

ಪ್ರಶ್ನೆ: ಡಾಕ್ಟರಮ್ಮ, ನನಗೆ 38 ವರ್ಷ. ಎತ್ತರ 5 ಅಡಿ 2 ಇಂಚು, ತೂಕ 74 ಕೆಜಿ. ತುಮಕೂರಿನ ಒಂದು ಬ್ಯೂಟಿ ಕ್ಲಿನಿಕ್‌ನಲ್ಲಿ ಹೊಟ್ಟೆಗೆ ಕೊಬ್ಬು ಕರಗಿಸುವ ಇಂಜೆಕ್ಷನ್ ಕೊಡುತ್ತಾರಂತೆ. ನನ್ನ ತಂಗಿಯ ಗೆಳತಿಗೆ ಮೂರು ಕೆಜಿ ಇಳಿದಿದೆ. ರಾತ್ರಿ ಅನ್ನ ಬಿಟ್ಟು ದಿನಾ ನಡೆಯಲೂ ಹೇಳಿದ್ದರಂತೆ. ನಾನೂ ಹಾಕಿಸಿಕೊಳ್ಳಲಾ?
– ಓದುಗರೊಬ್ಬರು, ಗುಬ್ಬಿ

ಉತ್ತರ: ಈಗಲೇ ದುಡ್ಡು ಕಟ್ಟಬೇಡಿ. ಅಮಾನಿಕೆರೆ ದಂಡೆಯಲ್ಲಿ ಸಂಜೆ ವಾಕಿಂಗ್ ಹೋದಾಗಲೂ ಜನ ನಿಲ್ಲಿಸಿ ನನ್ನನ್ನು ಇದನ್ನೇ ಕೇಳುತ್ತಾರೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ರಾತ್ರಿ ಅನ್ನ ಬಿಟ್ಟ ವಿಷಯ. ಆ ಮೂರು ಕೆಜಿ ಇಳಿಸಿದ್ದು ಸೂಜಿಯೋ, ಬಿಟ್ಟ ಅನ್ನವೋ? ಒಬ್ಬರನ್ನು ನೋಡಿ ಇದನ್ನು ಹೇಳೋಕೆ ಆಗಲ್ಲ. ಅದಕ್ಕೇ ಔಷಧಿ ಪರೀಕ್ಷೆಯಲ್ಲಿ ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡುತ್ತಾರೆ. ಒಂದು ಗುಂಪಿಗೆ ನಿಜವಾದ ಔಷಧಿ, ಇನ್ನೊಂದಕ್ಕೆ ಔಷಧಿಯೇ ಇಲ್ಲದ ಇಂಜೆಕ್ಷನ್. ಯಾರಿಗೆ ಯಾವುದು ಅಂತ ಕೊಡುವವರಿಗೂ ಗೊತ್ತಿರಲ್ಲ, ಚುಚ್ಚಿಸಿಕೊಳ್ಳುವವರಿಗೂ ಗೊತ್ತಿರಲ್ಲ.

ತೂಕ ಇಳಿಸಲು ಕೊಡುವ ಸೆಮಾಗ್ಲುಟೈಡ್ ಎಂಬ ಔಷಧಿಯನ್ನು ಹೀಗೆಯೇ ಪರೀಕ್ಷೆ ಮಾಡಿದರು. 2021ರಲ್ಲಿ ಫಲಿತಾಂಶ ಬಂತು. 1,961 ಜನ, 68 ವಾರ, ವಾರಕ್ಕೊಂದು ಇಂಜೆಕ್ಷನ್. ಊಟ, ವ್ಯಾಯಾಮದ ಸಲಹೆ ಎರಡೂ ಗುಂಪಿಗೂ ಇತ್ತು. ಔಷಧಿ ಪಡೆದವರು ಸರಾಸರಿ 15.3 ಕೆಜಿ ಇಳಿದರು. ಖಾಲಿ ಇಂಜೆಕ್ಷನ್ ಪಡೆದವರೂ 2.6 ಕೆಜಿ ಇಳಿದರು! ಅವರು ನಿಮಗಿಂತ ತುಂಬಾ ದಪ್ಪ ಇದ್ದವರು, ಸರಾಸರಿ 105 ಕೆಜಿ ಅನ್ನೋದು ನಿಜ. ಆದರೂ ತಂಗಿಯ ಗೆಳತಿಯ ಮೂರು ಕೆಜಿಯನ್ನು ಈ 2.6ರ ಪಕ್ಕ ಇಟ್ಟು ನೋಡಿ.

ಕ್ಲಿನಿಕ್‌ನವರು ಹೇಳುವುದು ಈ ಔಷಧಿ ಅಲ್ಲದೇ ಇರಬಹುದು. ಕೊಬ್ಬಿನ ಕಣವನ್ನೇ ಒಡೆಯುವ ಡಿಆಕ್ಸಿಕೋಲಿಕ್ ಆಸಿಡ್ ಅಂತ ಒಂದಿದೆ. ಅಮೆರಿಕದಲ್ಲಿ 2015ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ಗಲ್ಲದ ಕೆಳಗಿನ ಕೊಬ್ಬಿಗೆ ಮಾತ್ರ. ಅದು ಮುಖದ ಆಕಾರಕ್ಕೆ, ತೂಕಕ್ಕಲ್ಲ. ಚುಚ್ಚಿದ ಕಡೆ ಊತ, ನೋವು, ಮರಗಟ್ಟುವುದು ಸಾಮಾನ್ಯ. ಕೆಲವರಿಗೆ ನರಕ್ಕೆ ಪೆಟ್ಟಾಗಿ ನಗು ಸೊಟ್ಟ ಆಗುವುದೂ ಉಂಟು. ಇದನ್ನು ಹೊಟ್ಟೆ ತುಂಬಾ ಚುಚ್ಚುತ್ತೇವೆ ಅಂದರೆ ಎದ್ದು ಬನ್ನಿ. ಬಿ12 ಬೆರೆಸಿದ 'ಫ್ಯಾಟ್ ಬರ್ನರ್' ಇಂಜೆಕ್ಷನ್‌ಗಳಿಂದ ತೂಕ ಇಳಿಯುತ್ತದೆ ಅನ್ನುವುದಕ್ಕೆ ಒಳ್ಳೆಯ ಪುರಾವೆಯೇ ಇಲ್ಲ. ಏನೇ ಆಗಲಿ, ಬಾಟಲಿ ಮೇಲಿನ ಹೆಸರು ಓದಿ. ಲೇಬಲ್ ಇಲ್ಲದ ಬಾಟಲಿಯಿಂದ ಔಷಧಿ ಎಳೆದರೆ ತೋಳು ಕೊಡಬೇಡಿ.

ಹಾಗಾದರೆ ಸೆಮಾಗ್ಲುಟೈಡ್ ತಗೊಳ್ಳಲಾ ಅಂತ ಕೇಳುತ್ತೀರಿ, ಅಲ್ವಾ? ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕ ಇದೆಯೇ ಅಂತ ನೋಡುವ ಲೆಕ್ಕ, ಸುಮಾರು 30. ನಮ್ಮ ದೇಶದವರಿಗೆ 25 ದಾಟಿದರೇ ಬೊಜ್ಜು ಅನ್ನುತ್ತೇವೆ. ಹಾಗಾಗಿ ಡಾಕ್ಟರ್ ಹತ್ತಿರ ಮಾತಾಡುವುದು ತಪ್ಪೇನಲ್ಲ. ಈ ಔಷಧಿ ಕೊಬ್ಬನ್ನು ಕರಗಿಸಲ್ಲ, ಹಸಿವನ್ನು ತಗ್ಗಿಸುತ್ತದೆ. ಎರಡು ಮುದ್ದೆ ಉಣ್ಣುತ್ತಿದ್ದವರಿಗೆ ಅರ್ಧಕ್ಕೇ ಸಾಕು ಅನ್ನಿಸುತ್ತದೆ. ವಾಕರಿಕೆ, ವಾಂತಿ, ಮಲಬದ್ಧತೆ ಬರುತ್ತವೆ. ಪಿತ್ತಕೋಶದ ಕಲ್ಲು, ಅಪರೂಪಕ್ಕೆ ಮೇದೋಜೀರಕ ಗ್ರಂಥಿಯ ಉರಿಯೂತವೂ ಆಗಬಹುದು. ಇನ್ನೊಂದು ಮಾತು. ಅದೇ ಪರೀಕ್ಷೆಯಲ್ಲಿದ್ದವರಲ್ಲಿ ಕೆಲವರನ್ನು ಇಂಜೆಕ್ಷನ್ ನಿಲ್ಲಿಸಿದ ಮೇಲೂ ನೋಡಿದರು. ಒಂದು ವರ್ಷದಲ್ಲಿ, ಇಳಿದ ತೂಕದ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿತ್ತು. ಎರಡು ತಿಂಗಳು ಹಾಕಿಸಿ ಮದುವೆ ಮುಗಿಸಿಕೊಂಡು ಬಿಡುವ ಔಷಧಿ ಇದಲ್ಲ.

ಮೊದಲು ಥೈರಾಯ್ಡ್ ಮತ್ತು ಶುಗರ್ ಟೆಸ್ಟ್ ಮಾಡಿಸಿ, ಆ ರಿಪೋರ್ಟ್ ಹಿಡಿದು ಫಿಸಿಶಿಯನ್ ಹತ್ತಿರ ಹೋಗಿ. ಮನೆಯಲ್ಲಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಆಗಿದ್ದರೆ ಮರೆಯದೆ ಹೇಳಿ. ಮಗು ಬೇಕು ಅಂತಿದ್ದರೆ ಅದನ್ನೂ ಹೇಳಿ. ಗರ್ಭ ಧರಿಸುವ ಎರಡು ತಿಂಗಳ ಮೊದಲೇ ಸೆಮಾಗ್ಲುಟೈಡ್ ನಿಲ್ಲಿಸಬೇಕಾಗುತ್ತದೆ.